ಮ್ಯೂಟ್ ಆಗದ ಕಾಕಾ

ನಮ್ಮ ಕಾಕಾ ಸುಮ್ಮನೆ ಕೂತದ್ದನ್ನು ನೋಡಿದವರು ಯಾರಾದರೂ ಇದ್ದರೆ ಮುಂದೆ ಬರಲಿ, ಕರೆದು ಶಾಲು ಹೊದಿಸುತ್ತೇನೆ! ಆಳಂದದಲ್ಲಿ ಬಸ್ಸು ಹತ್ತಿದರೆ ಅಫಜಲಪುರ ಮುಟ್ಟುವಷ್ಟರಲ್ಲಿ ಕಂಡಕ್ಟರನ ತಂಗಿಗೆ ಗಂಡು ಹುಡುಕಿಕೊಟ್ಟಿರುತ್ತಾರೆ. ನಿದ್ದೆಯಲ್ಲಾದರೂ ಬಾಯಿಗೆ ಬಿಡುವು ಬೇಡವೇ? ಎಲ್ಲಿಯದು! ಗೊರಕೆ ಸುರುವಾಗುತ್ತದೆ.

ಜೇವರ್ಗಿಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಆಗಿದ್ದವರು. ಹಬ್ಬಕ್ಕೆ ಕಾಕಿಯ ಜೊತೆ ಆಳಂದಕ್ಕೆ ಬಂದರೆ ಮನೆಯೇ ಸಂತೆ. "ತಂಗೀ, ಚಹಾಕ್ಕ ಸಕ್ಕರಿ ಸಾಕೇನು?" ಅಂತ ಅವ್ವ ಕಾಕಿಯನ್ನು ಕೇಳಿದರೆ, ಉತ್ತರ ಬರುವುದು ಕಾಕಾರಿಂದ: "ಆಕಿಗಿ ಇನ್ನೊಂದ್ ಚಮಚ ಹಾಕ್ರಿ!" ಕಾಕಿ ಮುಗುಳ್ನಕ್ಕು ಗೋಣು ಹಾಕುತ್ತಿದ್ದಳು. "ಪಾಪ, ಆಕಿ ಬಾಯಾಗಿನ ಮಾತೂ ನೀವೇ ನುಂಗ್ತೀರಲ್ರಿ" ಅಂತ ಅವ್ವ ಬೈಯುತ್ತಿದ್ದಳು. ಕಾಕಿ ತೀರಿಕೊಂಡ ಮೇಲೆ ಕಾಕಾ ನಮ್ಮ ಮನೆಗೇ ಬಂದರು, ಮಾತಿನ ಗಂಟಿನ ಸಮೇತ.

ನಾನು ಕೆಮಿಸ್ಟ್ರಿ ಕಲಿಸುವವಳು. ಮೂರು ತಾಲ್ಲೂಕಿನ ಹುಡುಗರಿಗೆ ಪ್ರತಿ ಶನಿವಾರ ಮನೆಯಿಂದಲೇ ಆನ್‌ಲೈನ್ ಲ್ಯಾಬು. ಪರದೆಯ ಮೇಲೆ ಬ್ಯುರೆಟ್ಟಿನ ಚಿತ್ರ, ಅಂದರೆ ತುದಿಗೆ ನಳವಿರುವ ಗಾಜಿನ ಕೊಳವೆ, ಮೌಸ್ ಒತ್ತಿದರೆ ಹನಿ ಬೀಳುತ್ತದೆ. ನಮ್ಮ ಮನೆಗೆ ಬಂದ ಮೊದಲ ಶನಿವಾರವೇ ಕಾಕಾ ಹಳೆಯ ಖಾಕಿ ಕೋಟು ತೊಟ್ಟು, ಕಾಲಲ್ಲಿ ಬೂಟು ಹಾಕಿಕೊಂಡು, ದೇವರ ಕೋಣೆಯ ಮುಂದಿನಿಂದಲೇ ಟಕಟಕ ಬಂದರು. ಅವ್ವ ಹೌಹಾರಿದಳು.

"ಬರಿಗಾಲಾಗ ಲ್ಯಾಬಿಗಿ ಬರಬಾರದ್ರಿ ವೈನಿ, ರೂಲ್ ಅದ!"

ಪರದೆ ನೋಡಿದವರೇ ಮುಖ ಹುಳ್ಳಗೆ ಮಾಡಿದರು. "ಏನ್ ಬೇ ಇದು, ಬರೀ ಕರೀ ಡಬ್ಬಿ ಅವ? ಮಂದಿ ಎಲ್ಲಿ ಹೋದರು?" ಎಂದು, ನಾನು ತಡೆಯುವುದರೊಳಗೆ ಮೈಕಿಗೆ ಬಾಯಿ ಹಚ್ಚಿದರು. "ಎಲ್ಲಾರೂ ನಾಷ್ಟಾ ಮಾಡೀರೇನ್ರಪಾ?"

ಎರಡು ತಿಂಗಳಿಂದ ನನಗೆ ಒಂದು "ಎಸ್ ಮ್ಯಾಡಮ್" ಕೂಡ ದಕ್ಕಿರಲಿಲ್ಲ. ಕಾಕಾರಿಗೆ ಅಫಜಲಪುರದಿಂದ ತಕ್ಷಣ ಉತ್ತರ: "ಸುಸಲಾ ತಿಂದೇನ್ರಿ ಅಜ್ಜಾರ!" ಮುಗಿಯಿತು! ಅರ್ಧ ತಾಸು ಮಂಡಕ್ಕಿ ಸುಸಲಾಕ್ಕೆ ಶೇಂಗಾ ಎಷ್ಟಿರಬೇಕು ಅನ್ನುವುದರ ಮೇಲೇ ಪ್ರಯೋಗ ನಡೆಯಿತು. ಆದರೆ ಖರೇ ಹೇಳಬೇಕೆಂದರೆ, ಮುಂದಿನ ವಾರದಿಂದ ಡಬ್ಬಿಗಳಲ್ಲಿ ಮುಖಗಳು ಕಾಣಿಸತೊಡಗಿದವು.

ಇನ್ನೊಂದು ಶನಿವಾರ ಯಡ್ರಾಮಿಯ ಹುಡುಗನೊಬ್ಬ ಬ್ಯುರೆಟ್ಟಿನ ನಳ ತೆರೆದಿಟ್ಟು ಎಲ್ಲೋ ಹೋದ. ಪರದೆಯ ಮೇಲೆ ದ್ರಾವಣ ದಬದಬ ಸುರಿಯತೊಡಗಿತು. "ನಳ ಬಂದ್ ಮಾಡೋ ಲೇ!" ಅಂತ ಕೂಗಿದ ಕಾಕಾ ಹೊರಗೆ ಓಡಿ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟರು! ವೈಫೈ ಸತ್ತಿತು, ಮೂರು ತಾಲ್ಲೂಕಿನ ಲ್ಯಾಬು ಬಂದಾಯಿತು. ನಾನು ತಲೆ ಹಿಡಿದುಕೊಂಡು ಕೂತಿದ್ದರೆ, ಕಾಕಾ ನೆಲವನ್ನೆಲ್ಲ ಬಗ್ಗಿ ನೋಡಿ ಹೆಮ್ಮೆಯಿಂದ, "ಒಂದು ಹನಿನೂ ಚೆಲ್ಲಿಲ್ಲ ನೋಡು" ಎಂದರು.

ಒಬ್ಬಳು ಮಾತ್ರ ಕಾಕಾರಿಗೂ ಬಗ್ಗಲಿಲ್ಲ. ಮಟಕಿ ಅನ್ನುವ ಊರಿನ ಹುಡುಗಿ. ನಾಷ್ಟಾ ಆಯಿತೇ ಅಂದರೂ ಚಾಟಿನಲ್ಲಿ "ಆಯಿತು ರೀ" ಅಂತ ಬರೆಯುತ್ತಿದ್ದಳು. ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮೊದಲು ಉತ್ತರ ಬರೆಯುತ್ತಿದ್ದಳು, ಬಾಯಿ ಮಾತ್ರ ಬಿಡಳು. "ಸೊಕ್ಕು ಕಾಕಾ" ಅಂದೆ ನಾನು. ಕಾಕಾ ಏನೂ ಅನ್ನಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು!

ಕೊನೆಗೆ ಬಂತು ಮೌಖಿಕ ಪರೀಕ್ಷೆ, ಅದೂ ಆನ್‌ಲೈನಿನಲ್ಲೇ. ಬರೆದರೆ ನಡೆಯದು, ಬಾಯಿಬಿಟ್ಟೇ ಹೇಳಬೇಕು. ಇಲ್ಲವಾದರೆ ಫೇಲು, ಒಂದು ವರ್ಷ ಹಾಳು. ಹೊರಗಿನ ಪರೀಕ್ಷಕರು ಅವಸರದ ಮನುಷ್ಯ. ಮಟಕಿಯ ಹುಡುಗಿಯ ಸರದಿ ಬಂದಾಗ ಕೇಳಿದರು: "ಫಿನಾಲ್ಫ್ತಲಿನ್ ಕ್ಷಾರದಲ್ಲಿ ಯಾವ ಬಣ್ಣ?"

ಅವಳ ಮೈಕು ತೆರೆಯಿತು. "ಗು... ಗು... ಗು..."

ಉಗ್ಗು! ಇಷ್ಟು ದಿನ ನಾನು ಸೊಕ್ಕು ಅಂದುಕೊಂಡಿದ್ದು ಇದನ್ನೇ. ಪರೀಕ್ಷಕರು "ನೆಕ್ಸ್ಟ್" ಅನ್ನುವಷ್ಟರಲ್ಲಿ ಕಾಕಾ ನನ್ನ ಭುಜದ ಮೇಲಿಂದ ಬಗ್ಗಿದರು.

"ಜರಾ ತಡೀರಿ ಸಾಹೇಬ್ರ. ನಮ್ಮ ಕಡೀ ನೆಟ್ ಸಿಗಾಕತ್ತಿಲ್ಲ, ಆವಾಜ್ ಕಡದು ಕಡದು ಬರಾಕತ್ತದ. ಕೂಸೇ, ನೀ ಸಾವಕಾಶ ಹೇಳವ್ವ."

ನೆಟ್ಟು ಭೇಷಾಗಿತ್ತು! ಅಷ್ಟು ಹೇಳಿ ಕಾಕಾ ಬಾಯಿ ಮುಚ್ಚಿದರು. ಕೈ ಕಟ್ಟಿಕೊಂಡು, ಕೆಮ್ಮದೆ, ಗೋಣೂ ಹಾಕದೆ ಕೂತರು. ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು.

"ಗುಲಾಬಿ ರೀ" ಎಂದಳು ಹುಡುಗಿ.

ಐದು ಪ್ರಶ್ನೆಗೂ ಕಾಕಾ ಹಾಗೆಯೇ ಕಾದರು. ಐದಕ್ಕೂ ಅವಳು ಉತ್ತರ ಕೊಟ್ಟಳು. ಪಾಸಾದಳು.

ಲ್ಯಾಪ್‌ಟಾಪ್ ಮುಚ್ಚಿ ನಾನು ಚೇಷ್ಟೆ ಮಾಡಿದೆ. "ಕಾಕಾ, ಸುಮ್ನ ಕುಂದ್ರೋದು ಎಲ್ಲಿ ಕಲ್ತ್ರಿ?"

ಕಾಕಾ ಕೋಟಿನ ಗುಂಡಿ ಬಿಚ್ಚುತ್ತ ಹೇಳಿದರು. "ನಿಮ್ಮ ಕಾಕಿಗೂ ಹಿಂಗೇ ಇತ್ತು ಬೇ. ಮಂದ್ಯಾಗ ಮಾತು ಹೊರಡ್ತಿದ್ದಿಲ್ಲ. ಯಾರರ ಏನರ ಕೇಳಿ ಆಕಿನ್ನ ಫಜೀತಿ ಮಾಡ್ಯಾರು ಅಂತ, ನಾನೇ ಮದಲ ಬಡಬಡ ಸುರು ಮಾಡ್ತಿದ್ದೆ. ಮನ್ಯಾಗ ಇಬ್ಬರೇ ಇದ್ದಾಗ ಆಕೀನೇ ಮಾತಾಡ್ತಿದ್ದಳು. ಎಷ್ಟ್ ಛಂದ ಮಾತಾಡ್ತಿದ್ದಳು ಅಂತೀ! ನಾ ಕೇಳ್ಕೋತ ಕುಂದ್ರತಿದ್ದೆ."

ನಾನು ಏನಾದರೂ ಹೇಳಬೇಕಿತ್ತು. "ನಾ... ನಾ ಆ ಹುಡುಗಿಗಿ ಸೊಕ್ಕು ಅಂತ..." ಎಂದು ತಡವರಿಸಿದೆ. ಕಾಕಾ ಅವಸರ ಮಾಡಲಿಲ್ಲ, ನನ್ನ ಮಾರಿ ನೋಡುತ್ತ ಕಾಯುತ್ತ ಕೂತರು.