‘ಇದು ಎಂತ?’ ಅಂತ ಕೇಳಬಾರದು

ನಾನು ಅಮೂರ್ತ ಚಿತ್ರ ಬರೆಯುವವಳು. ಅಂದರೆ ನನ್ನ ಚಿತ್ರದಲ್ಲಿ ಮರ, ಮನೆ, ಮನುಷ್ಯ ಯಾವುದೂ ಇರುವುದಿಲ್ಲ. ಬಣ್ಣ ಇರುತ್ತದೆ, ಮತ್ತೆ ನನ್ನ ಹೆದರಿಕೆ ಇರುತ್ತದೆ. ಇಂಥವಳಿಗೆ ಆಗಾಗ ಮಾನ ಹೋಗುವ ಪ್ರಸಂಗ ಬಾರದೆ ಇರುವುದಿಲ್ಲ. ಕಳೆದ ವರ್ಷ ಮಾತ್ರ ಅವು ಒಂದರ ಬಾಲ ಒಂದು ಹಿಡಿದುಕೊಂಡು ಬಂದವು.

ಮಣಿಪಾಲದ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಮಕ್ಕಳಿಗೆ ಚಿತ್ರದ ಕ್ಲಾಸ್ ಮಾಡುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ತಂದೆತಾಯಂದಿರೆಲ್ಲ ಒಟ್ಟಾಗಿ ಬಂದು ಮರ್ಯಾದೆಯಲ್ಲೇ ಹೇಳಿದರು: “ಟೀಚರೇ, ಡಿಸೆಂಬರಿನಲ್ಲಿ ಉಡುಪಿಯಲ್ಲಿ ಮಕ್ಕಳದ್ದೊಂದು ಎಕ್ಸಿಬಿಷನ್ ಇಡುವ. ನಾಲ್ಕು ಜನ ನೋಡಿ ಒಳ್ಳೆಯದುಂಟು ಅಂದರೆ ಸರಿ. ಇಲ್ಲದಿದ್ದರೆ ಸಂತೆಕಟ್ಟೆಯಲ್ಲಿ ಒಂದು ಕ್ಲಾಸ್ ಉಂಟು. ಅಲ್ಲಿ ಗಿಳಿ ಬರೆದರೆ ಗಿಳಿಯ ಹಾಗೆಯೇ ಕಾಣುತ್ತದೆ.”

ಆ ಮಕ್ಕಳು ಹೋದರೆ ನನ್ನ ಗತಿ ಎಂತ ಅಂತ ಅವರಿಗೆ ಗೊತ್ತಿಲ್ಲ. ಬಿಳಿ ಕ್ಯಾನ್ವಾಸ್ ಕಂಡರೆ ನಾನು ಈಗಲೂ ಬ್ರಷ್ ತೊಳೆಯುವ ನೆವ ಹುಡುಕುತ್ತೇನೆ. ಭಾನುವಾರ ಆ ಮಕ್ಕಳು ಯಾವ ಹೆದರಿಕೆಯೂ ಇಲ್ಲದೆ ಬಣ್ಣಕ್ಕೆ ಕೈ ಹಾಕುವುದನ್ನು ನೋಡಿ, ಆ ಧೈರ್ಯದಲ್ಲಿ ಸೋಮವಾರ ನಾನು ಬ್ರಷ್ ಹಿಡಿಯುವುದು. ಮಂಡೆಬಿಸಿ ತಡೆಯಲಾಗದೆ ಯಜಮಾನರಲ್ಲಿ ಹೇಳಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, “ನೀನೂ ಗಿಳಿ ಬರೆಯಲಿಕ್ಕೆ ಕಲಿ. ಸಂತೆಕಟ್ಟೆಗೆ ಮಕ್ಕಳ ಜೊತೆಯೇ ಹೋಗಿ ಬರಬಹುದು” ಅಂದರು.

ರಬ್ಬರ್ ಡಬ್ಬಿ

ನನ್ನ ಕ್ಲಾಸಿನಲ್ಲಿ ಎರಡೇ ಕಾನೂನು. ಬಾಗಿಲ ಹತ್ತಿರ ಒಂದು ಬಿಸ್ಕಿಟ್ ಡಬ್ಬಿ ಇಟ್ಟಿದ್ದೇನೆ, ರಬ್ಬರ್ ಅದರಲ್ಲಿ ಹಾಕಿ ಒಳಗೆ ಬರಬೇಕು. ತಪ್ಪಿದ ಗೆರೆಯನ್ನು ಅಳಿಸಿದರೆ ಮಗು ಹೆದರುವುದನ್ನು ಕಲಿಯುತ್ತದೆ. ಅದರ ಪಕ್ಕ ಇನ್ನೊಂದು ಗೆರೆ ಎಳೆದರೆ ಚಿತ್ರ ಕಲಿಯುತ್ತದೆ. ಎರಡನೆಯದು, ಯಾರ ಚಿತ್ರ ನೋಡಿಯೂ ‘ಇದು ಎಂತ?’ ಅಂತ ಕೇಳಬಾರದು. ಹಾಗೆ ಕೇಳಿದ ಕೂಡಲೇ ಮಗು ಉತ್ತರ ಹುಡುಕುತ್ತದೆ, ಬಣ್ಣ ಅಲ್ಲಿಗೇ ನಿಲ್ಲುತ್ತದೆ.

ಪಡುಬಿದ್ರಿಯಿಂದ ಒಬ್ಬಳು ಹುಡುಗಿ ಬರುತ್ತಾಳೆ, ನಾಲ್ಕನೇ ಕ್ಲಾಸು. ಅವಳ ಪಪ್ಪ ಗಲ್ಫಿನಲ್ಲಿ ಕಟ್ಟಡದ ಸೂಪರ್‌ವೈಸರ್ ಆಗಿದ್ದವರು, ಈಗ ಊರಿಗೆ ಬಂದು ನಿಂತಿದ್ದಾರೆ. ಮೊದಲನೇ ದಿನ ಅವರು ನನ್ನ ಗೋಡೆಯನ್ನೊಮ್ಮೆ ಕಣ್ಣಿನಲ್ಲೇ ಅಳೆದು, “ರಬ್ಬರ್ ಇಲ್ಲದಿದ್ದರೆ, ತಪ್ಪಿದಾಗ ಎಂತ ಮಾಡುವುದು ಟೀಚರೇ?” ಅಂತ ಕೇಳಿದರು.

“ತಪ್ಪುವುದೇ ಪಾಠ” ಅಂದೆ ನಾನು, ಸ್ವಲ್ಪ ಗತ್ತಿನಲ್ಲಿ.

“ನಾನು ಕಟ್ಟಿಸಿದ ಗೋಡೆಯ ಬಗ್ಗೆ ಹೀಗೆ ಹೇಳಿದ್ದರೆ ನನ್ನನ್ನು ಮಾರನೇ ದಿನವೇ ವಿಮಾನ ಹತ್ತಿಸುತ್ತಿದ್ದರು” ಅಂದರು ಅವರು.

ಯಾರ ರಿಪೋರ್ಟ್?

ಅದೇ ಸಮಯಕ್ಕೆ ಮಣಿಪಾಲದ ಒಂದು ಸ್ಕ್ಯಾನಿಂಗ್ ಸೆಂಟರಿನವರು ನನ್ನ ದೊಡ್ಡ ಚಿತ್ರವೊಂದನ್ನು ಕೊಂಡು, ರೋಗಿಗಳು ಕಾಯುವ ಕೋಣೆಯಲ್ಲಿ ಹಾಕಿದರು. ಕಪ್ಪು, ಬೂದಿ, ನಡುವೆ ಹೊಗೆಯಂಥ ಬಿಳಿ, ಮೂಲೆಯಲ್ಲಿ ಒಂದು ಕೆಂಪು. ಡಾಕ್ಟರುಗಳೇ ಒಪ್ಪಿದ ಮೇಲೆ ತಂದೆತಾಯಂದಿರು ಎಂತ ಹೇಳುತ್ತಾರೆ ಅಂತ ನಾನು ಸ್ವಲ್ಪ ಉಬ್ಬಿದ್ದೂ ಹೌದು.

ಒಂದು ವಾರದಲ್ಲಿ ಫೋನ್ ಬಂತು. “ಮೇಡಂ, ಬೇಜಾರು ಮಾಡಬೇಡಿ. ಚಿತ್ರ ಒಳಗಿನ ಕೋಣೆಯಲ್ಲಿ ಹಾಕಬಹುದಾ?”

ಎಂತ ಆಯಿತಪ್ಪ ಅಂತ ಅಲ್ಲಿಗೆ ಓಡಿದೆ. ಬೆಂಚಿನಲ್ಲಿ ಒಬ್ಬರು ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡು ನನ್ನ ಚಿತ್ರವನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು. ಇಷ್ಟು ವರ್ಷ ಬರೆದದ್ದು ಸಾರ್ಥಕವಾಯಿತು ಅಂತ ಅವರ ಪಕ್ಕ ಹೋಗಿ ಕುಳಿತೆ.

ಅಜ್ಜಿ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: “ಇಷ್ಟು ದೊಡ್ಡದು ಮಾಡಿ ಹಾಕಬೇಕಾದರೆ ಕಾಯಿಲೆ ಜೋರೇ ಇದ್ದಿರಬೇಕು. ಆ ರಿಪೋರ್ಟಿನವರು ಉಳಿದಿದ್ದಾರಾ?”

ಸೂರ್ಯ ಇಲ್ಲದ ಮುಂಜಾನೆ

ಕಾರ್ಕಳದ ಒಂದು ಶಾಲೆಯಲ್ಲಿ ಚಿತ್ರ ಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದರು. ವಿಷಯ ‘ಮುಂಜಾನೆ’. ಎಲ್ಲರದ್ದೂ ಒಂದೇ: ಎರಡು ಗುಡ್ಡ, ನಡುವೆ ಹಳದಿ ಸೂರ್ಯ, ಕೆಳಗೆ ಹೊಳೆ, ಬದಿಗೆ ತೆಂಗಿನಮರ. ಒಂದು ಹಾಳೆಯಲ್ಲಿ ಮಾತ್ರ ಗುಡ್ಡದ ನಡುವೆ ಖಾಲಿ ಬಿಳಿ ವೃತ್ತ. ನನಗೆ ರೋಮಾಂಚನವಾಯಿತು, ಅದಕ್ಕೇ ಮೊದಲ ಬಹುಮಾನ ಕೊಟ್ಟೆ.

ಕೊಟ್ಟು ಸುಮ್ಮನಿರಬಹುದಿತ್ತು. ಸಭೆಯಲ್ಲಿ ನನ್ನ ಕ್ಲಾಸಿನ ಇಬ್ಬರು ತಾಯಂದಿರು ಕುಳಿತದ್ದು ಕಂಡಿತು. ಇವರಿಗೂ ಸ್ವಲ್ಪ ತಿಳಿಯಲಿ ಅಂತ ಮೈಕ್ ಹಿಡಿದು, ಬರೆಯುವುದಕ್ಕಿಂತ ಬರೆಯದೆ ಬಿಡುವುದು ಹೇಗೆ ದೊಡ್ಡದು, ಸೂರ್ಯನನ್ನು ಬಿಟ್ಟೇ ಬೆಳಕು ತೋರಿಸಿದ ಈ ಮಗುವಿನ ಧೈರ್ಯ ಎಷ್ಟು ಅಂತೆಲ್ಲ ಹೇಳಿದೆ. ಆಮೇಲೆ ಆ ಮಗುವನ್ನೇ ಕರೆದು, “ಸೂರ್ಯನಿಗೆ ಬಣ್ಣ ಯಾಕೆ ಕೊಡಲಿಲ್ಲ ಮಗಾ, ಎಲ್ಲರಿಗೂ ಹೇಳು” ಅಂತ ಮೈಕ್ ಕೊಟ್ಟೆ.

“ಹಳದಿ ಕ್ರೆಯಾನ್ ಪಕ್ಕದವ ವಾಪಸ್ ಕೊಡಲಿಲ್ಲ ಟೀಚರ್.”

ನಗು ನಿಲ್ಲಲಿಕ್ಕೆ ಬಹಳ ಹೊತ್ತು ಹಿಡಿಯಿತು. ಆ ತಾಯಂದಿರು ನನ್ನ ಮುಖ ನೋಡದೆ ಎದ್ದು ಹೋದರು. ಸಂತೆಕಟ್ಟೆಯ ಗಿಳಿ ಕಣ್ಣ ಮುಂದೆ ಬಂತು. ಮನೆಗೆ ಬಂದು ಅಳುತ್ತ ಹೇಳಿದೆ. ಯಜಮಾನರು ಪೂರ್ತಿ ಕೇಳಿ, “ಹಾಗಾದರೆ ಪ್ರೈಜ್ ಪಕ್ಕದವನಿಗೆ ಸಿಗಬೇಕಿತ್ತಲ್ಲ” ಅಂದರು.

ಕಾಪುವಿನ ಗಾಳಿ

ಎಕ್ಸಿಬಿಷನ್ನಿಗೆ ಚಿತ್ರ ಬೇಕಲ್ಲ. ಮಕ್ಕಳನ್ನು ಕಾಪು ಬೀಚಿಗೆ ಕರೆದುಕೊಂಡು ಹೋಗಿ, ಲೈಟ್‌ಹೌಸಿಗೆ ಬೆನ್ನು ಹಾಕಿ ಕೂರಿಸಿದೆ. “ಕಾಣುವುದನ್ನು ಬರೆಯಬೇಡಿ, ಗಾಳಿ ಬರೆಯಿರಿ” ಅಂದೆ. ಹಿಂದೆ ಕೊಡೆ ಹಿಡಿದು ನಿಂತ ತಂದೆತಾಯಂದಿರ ನಿಟ್ಟುಸಿರು ಕಡಲಿಗಿಂತ ಜೋರಾಗಿ ಕೇಳುತ್ತಿತ್ತು.

“ಊರಿನವರೆಲ್ಲ ಲೈಟ್‌ಹೌಸ್ ನೋಡಲಿಕ್ಕೆ ಬರುವುದು. ನಾವು ಅದಕ್ಕೆ ಬೆನ್ನು ಹಾಕಲಿಕ್ಕೆ ಬಂದದ್ದು” ಅಂದರು ಪಡುಬಿದ್ರಿಯ ಪಪ್ಪ.

ಅವರ ಮಗಳು ಬೂದು, ನೀಲಿ ಕಲಸಿ, ಬ್ರಷ್ಷಿನ ಹಿಂಬದಿಯಿಂದ ಗೀರಿ, ಮೇಲೆ ಒಂದು ಹಿಡಿ ಮರಳನ್ನೂ ಎರಚಿದಳು. ನೋಡಿದರೆ ಕೂದಲು ಹಾರುವ ಹಾಗಿತ್ತು. ನನಗೆ ನಿಜವಾಗಿ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ನಾನು ಅಂಥದ್ದೊಂದು ಬರೆದಿಲ್ಲ. ಪಪ್ಪನ ಬಾಯಿಯವರೆಗೆ ‘ಇದು ಎಂತ’ ಬಂತು, ಹೇಗೋ ನುಂಗಿಕೊಂಡರು. “ಫ್ರೇಮ್ ನಾನೇ ಹಾಕಿಸಿ ತರುತ್ತೇನೆ ಟೀಚರೇ” ಅಂದರು. ಉಳಿದವರೂ ನಾವೂ ಹಾಕಿಸುತ್ತೇವೆ ಅಂತ ಚಿತ್ರಗಳನ್ನು ಕೊಂಡುಹೋದರು. ಎಂಥ ಒಳ್ಳೆಯ ಜನ ಅಂತ ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಎಕ್ಸಿಬಿಷನ್ ಮುಗಿಯುವ ತನಕ ಅಂಥ ನಿದ್ದೆ ಮತ್ತೆ ಬರಲಿಲ್ಲ.

ಗ್ಯಾರಂಟಿ

ಉಡುಪಿಯ ಹಾಲ್‌ನಲ್ಲಿ ಬೆಳಿಗ್ಗೆ ಫ್ರೇಮುಗಳು ಬಂದವು. ಮೊದಲನೆಯದರ ಪೇಪರ್ ಬಿಚ್ಚಿದೆ. ಗಾಳಿಯಲ್ಲಿ ಒಂದು ದೋಣಿ, ದೋಣಿಗೊಂದು ಬಾವುಟ. ಎರಡನೆಯದರಲ್ಲಿ ನಗುವ ಸೂರ್ಯ. ಮೂರನೆಯದರಲ್ಲಿ ಗಿಳಿ. ಪಡುಬಿದ್ರಿಯ ಹುಡುಗಿಯ ಗಾಳಿಯ ನಟ್ಟನಡುವೆ, ಸ್ಕೇಲ್ ಇಟ್ಟು ಎಳೆದ, ಪಟ್ಟೆಪಟ್ಟೆಯ ಲೈಟ್‌ಹೌಸ್.

ತಂದೆತಾಯಂದಿರು ಸಾಲಾಗಿ ನಿಂತಿದ್ದರು, ಒಬ್ಬರ ಮುಖದಲ್ಲೂ ರಕ್ತ ಇಲ್ಲ. “ಮಕ್ಕಳನ್ನು ನೋಡಿ ನಾಲ್ಕು ಜನ ನಗಬಾರದಲ್ಲ ಟೀಚರೇ. ಸ್ವಲ್ಪ ಟಚ್‌ಅಪ್ ಮಾಡಿದ್ದು” ಅಂದರು ಪಪ್ಪ. ಬೈಯಬೇಕು ಅಂತ ಬಾಯಿ ತೆರೆದವಳಿಗೆ ಅಷ್ಟರಲ್ಲಿ ಹೊಳೆಯಿತು: ಇವರೂ ನನ್ನ ಜಾತಿಯ ಪುಕ್ಕಲರೇ.

ಹುಡುಗಿ ಅಳಲಿಲ್ಲ. ಚಿತ್ರದ ಮುಂದೆ ನಿಂತು ಬೆರಳಿಟ್ಟು, “ಪಪ್ಪಾ, ಇದು ಎಂತ?” ಅಂದಳು.

“ಲೈಟ್‌ಹೌಸ್ ಮಗಾ.”

“ಲೈಟ್‌ಹೌಸ್ ಹೀಗೆ ಉಂಟಾ?”

ಅಷ್ಟರಲ್ಲಿ ಉದ್ಘಾಟನೆಗೆ ಕರೆದಿದ್ದ ಡ್ರಾಯಿಂಗ್ ಮಾಸ್ಟ್ರು ಬಂದೇಬಿಟ್ಟರು. ನಿವೃತ್ತರು, ಊರಿನ ಅರ್ಧ ಜನಕ್ಕೆ ಚಿತ್ರ ಕಲಿಸಿದವರು. ಸೀದಾ ಆ ಚಿತ್ರದ ಮುಂದೆಯೇ ಹೋಗಿ ನಿಂತರು.

“ಗಾಳಿ ಚಂದ ಬಂದಿದೆ. ನನಗೆ ಚಳಿಯೇ ಆಯಿತು” ಅಂದರು ಮಾಸ್ಟ್ರು. ಕನ್ನಡಕ ಸರಿಮಾಡಿಕೊಂಡರು. “ಆದರೆ ಮಧ್ಯದಲ್ಲಿ ಈ ಗ್ಯಾಸ್ ಸಿಲಿಂಡರ್ ಯಾಕೆ ಇಟ್ಟದ್ದು?”

ಪಪ್ಪನ ಅಂಗಿ ಬೆವರಿನಲ್ಲಿ ಬೆನ್ನಿಗೆ ಅಂಟಿತು. ಹುಡುಗಿ ನನ್ನ ಸೆರಗು ಎಳೆದು, “ಟೀಚರ್, ಡಬ್ಬಿ ತಂದಿದ್ದೀರಾ? ಒಂದು ರಬ್ಬರ್ ಬೇಕಿತ್ತು” ಅಂದಳು.

“ರಬ್ಬರ್ ಇಲ್ಲ ಮಗಾ. ಬಣ್ಣ ಉಂಟು” ಅಂದೆ.

ಪಪ್ಪ ತಾವೇ ಕಾರಿನಿಂದ ಸ್ಕ್ರೂಡ್ರೈವರ್ ತಂದು ಫ್ರೇಮ್ ಬಿಚ್ಚಿದರು. ಹುಡುಗಿ ನೆಲದಲ್ಲೇ ಕುಳಿತು ಲೈಟ್‌ಹೌಸಿನ ಮೇಲೆ ಗಾಳಿ ಬೀಸಿದಳು. ಉಳಿದ ಮಕ್ಕಳೂ ಕುಳಿತರು. ಸೂರ್ಯ ಮುಳುಗಿದ, ದೋಣಿ ಹೋಯಿತು, ಗಿಳಿ ಹಾರಿಹೋಯಿತು. ನೋಡಲಿಕ್ಕೆ ಬಂದವರು ಸುತ್ತ ನಿಂತು ಮಧ್ಯಾಹ್ನದವರೆಗೆ ಕದಲಲಿಲ್ಲ. ಸಂತೆಕಟ್ಟೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮುಂದಿನ ಭಾನುವಾರ ಪಡುಬಿದ್ರಿಯ ಹುಡುಗಿ ಒಳಗೆ ಬಂದಳು. ಅವಳ ಹಿಂದೆಯೇ ಪಪ್ಪ. ಜೇಬಿನಿಂದ ಹೊಸ ರಬ್ಬರ್ ತೆಗೆದು ಡಬ್ಬಿಗೆ ಹಾಕಿ, “ದೊಡ್ಡವರನ್ನು ಸೇರಿಸುತ್ತೀರಾ ಟೀಚರೇ?” ಅಂದರು.

ಕ್ಲಾಸ್ ಮುಗಿಯುವವರೆಗೂ ಬೆನ್ನು ಬಗ್ಗಿಸಿ ಬರೆದರು. ಕೊನೆಗೆ ಪರೀಕ್ಷೆಯ ಪೇಪರ್ ಒಪ್ಪಿಸುವವರ ಹಾಗೆ ಹಾಳೆ ಹಿಡಿದು ಎದುರು ನಿಂತರು. ನೋಡಿದೆ. ತಿರುಗಿಸಿ ನೋಡಿದೆ. ಎಷ್ಟು ತಡೆದರೂ ನನ್ನ ಬಾಯಿಯಿಂದಲೇ ಬಂದುಬಿಟ್ಟಿತು: “ಇದು ಎಂತ?”

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು.

“ಎಂತ ಅಂತ ನನಗೂ ಗೊತ್ತಿಲ್ಲ ಟೀಚರೇ” ಅಂದರು ಪಪ್ಪ. “ಲೈಟ್‌ಹೌಸ್ ಅಂತೂ ಅಲ್ಲ. ಅಷ್ಟು ಗ್ಯಾರಂಟಿ.”