ನಡುಗಂಬವಿಲ್ಲದ ಬಾಗಿಲು

ಮನುಷ್ಯನು ತನ್ನ ಆಯುಷ್ಯದಲ್ಲಿ ಎಷ್ಟೋ ಸಾವಿರ ಬಾಗಿಲುಗಳ ಕೆಳಗೆ ಹಾದುಹೋಗುತ್ತಾನೆ. ಆದರೆ ತಲೆಯೆತ್ತಿ, ಮೇಲಿನ ಗೋಡೆಯನ್ನು ಹೊತ್ತವರು ಯಾರೆಂದು ಒಮ್ಮೆಯೂ ವಿಚಾರಿಸುವುದಿಲ್ಲ. ನಾನೂ ವಿಚಾರಿಸಿದವನಲ್ಲ. ನಾರಾಯಣಗೂಡದ ಬಾಡಿಗೆ ಮನೆಯಲ್ಲಿ ಹಣೆ ತಾಗಿಸಿಕೊಂಡಾಗಲೆಲ್ಲ ಬಾಗಿಲು ಗಿಡ್ಡವೆಂದು ದೂರಿದೆನೇ ಹೊರತು, ಅದರ ನೆತ್ತಿಯ ಅಡ್ಡತೊಲೆಯಾದ ಲಿಂಟಲ್ ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದೆಯೆಂದು ಕೃತಜ್ಞತೆ ಸೂಚಿಸಲಿಲ್ಲ. ನಗರದ ಅಂಚಿನಲ್ಲಿ ಸ್ವಂತ ಮನೆ ಕಟ್ಟಿಸಲು ಹೊರಟ ಮೇಲೆ ಲಿಂಟಲ್ಲಿನ ಮಹಿಮೆ ಅರ್ಥವಾಯಿತು. ಅಂದಿನಿಂದಲೇ ಕತ್ತು ನೋವೂ ಆರಂಭವಾಯಿತು.

ಸಮಸ್ಯೆ ಗ್ಯಾರೇಜಿನದು. ನನ್ನ ಹೆಂಡತಿ ಶಾಂತಾಳ ಕಾರು ಮತ್ತು ಕೋಠಿಯಲ್ಲಿ ಬಟ್ಟೆ ವ್ಯಾಪಾರ ಮಾಡುವ ಅವಳಣ್ಣನ ಟೆಂಪೊ ಅಕ್ಕಪಕ್ಕದಲ್ಲಿ ನಿಲ್ಲಬೇಕಾದ್ದರಿಂದ ಹದಿನಾರು ಅಡಿ ಅಗಲದ ಷಟರ್ ಬೇಕಾಗಿತ್ತು. ಅದರ ನೇರ ಮೇಲೆ ಬರಲಿದ್ದುದು ಅವ್ವನ ಕೋಣೆ. ರಸ್ತೆಯಲ್ಲಿ ಹೋಗಿಬರುವವರನ್ನೆಲ್ಲ ಅಲ್ಲಿಂದ ನೋಡಬಹುದೆಂದು ಅವ್ವ ಆ ಜಾಗವನ್ನು ಮೊದಲೇ ಕಾಯ್ದಿರಿಸಿಬಿಟ್ಟಿದ್ದಳು. ನಮ್ಮ ಇಂಜಿನಿಯರ್ ಸರಿತಾ, ತೆಲುಗು ಮಾತಾಡುವ ಹೆಣ್ಣುಮಗಳು. ನಡುವೆ ಒಂದು ಕಂಬ ಕೊಟ್ಟರೆ ಎರಡು ಸಣ್ಣ ಬಾಗಿಲುಗಳಾಗುತ್ತವೆ, ಚಿಂತೆಯಿಲ್ಲ ಎಂದರು. ನನಗೆ ಆ ಕಂಬದ ಮೇಲೆ ತಕ್ಷಣವೇ ಪ್ರೀತಿಯುಂಟಾಯಿತು. ಶಾಂತಾ ಒಪ್ಪಲಿಲ್ಲ.

"ನಡುವ ಕಂಬ ಬ್ಯಾಡ್ರಿ. ರಿವರ್ಸ್ ತಗೊಳ್ಳಾಕಿ ನಾನು. ನೀವು ಬಾಜೂಕ ನಿಂತು 'ಬರ್ಲಿ, ಬರ್ಲಿ' ಅನ್ನಾವ್ರು."

ಕಂಬ ಹೋಯಿತು. ಕಂಬ ಹೋದ ಮೇಲೆ ಅದರ ಪಾಲಿನ ಭಾರವನ್ನು ಹೊರುವವರು ಯಾರು? ಸರಿತಾ ಅವರು ತಾಳ್ಮೆಯಿಂದ ವಿವರಿಸಿದರು: ಸಾಧಾರಣ ಬಾಗಿಲಿಗೆ ತೆಳುವಾದ ಲಿಂಟಲ್ ಸಾಕು, ಬಾಗಿಲು ಅಗಲವಾದಂತೆ ಅದರ ದಪ್ಪ ಬೆಳೆಯಬೇಕು, ಎರಡೂ ತುದಿಗಳು ಗಟ್ಟಿ ಕಂಬಗಳ ಮೇಲೆ ಭದ್ರವಾಗಿ ಕೂರಬೇಕು. ಕಬ್ಬಿಣದ ಗರ್ಡರ್ ತೊಲೆ ಹಾಕಿದರೆ ಕೆಲಸ ಬೇಗ, ಆದರೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕು. ಕಾಂಕ್ರೀಟಿನ ಬೀಮು ಹಾಕಿದರೆ ನಿಧಾನ, ವಾರಗಟ್ಟಲೆ ಆಸರೆ ಕಂಬಗಳ ಮೇಲೆ ನಿಂತಿರಬೇಕು. "ಎರಡರ ಲೆಕ್ಕವನ್ನೂ ನಾನೇ ಮಾಡಿದ್ದೇನೆ ಸಾರ್, ಎರಡೂ ನಿಲ್ಲುತ್ತವೆ. ಆರಿಸುವುದು ನಿಮ್ಮದು," ಎಂದರು. ಅನಂತರ, ಸಮಾಧಾನ ಹೇಳುವಂತೆ, "ಯಾವ ತೊಲೆಯಾದರೂ ಒಂದಿಷ್ಟು ಬಾಗಿಯೇ ಬಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ," ಎಂದು ಸೇರಿಸಿದರು.

ಆ ಕಡೆಯ ಮಾತನ್ನು ಅವರು ಹೇಳಬಾರದಿತ್ತು. ಮರುದಿನ ಬೇಗಂಪೇಟೆಯ ಕಚೇರಿಗೆ ಹೋಗುವಾಗ ಮೆಟ್ರೊ ಸೇತುವೆಯ ಕೆಳಗೆ ಸ್ಕೂಟರ್ ನಿಲ್ಲಿಸಿ ಮೇಲೆ ನೋಡಿದೆ. ಮೇಲೆ ರೈಲು, ರೈಲಿನ ತುಂಬ ಜನ, ಜನರ ಕೈಯಲ್ಲಿ ಊಟದ ಡಬ್ಬಿ. ಅಷ್ಟನ್ನೂ ಹೊತ್ತ ತೊಲೆ ಕೂದಲೆಳೆಯಷ್ಟು ಬಾಗಿ, ರೈಲು ದಾಟಿದ ಮೇಲೆ ಯಾರಿಗೂ ಹೇಳದೆ ಪುನಃ ನೆಟ್ಟಗಾಗುತ್ತಿದೆ! ನನಗೆ ಕೈಮುಗಿಯಬೇಕೆನಿಸಿತು. ಕೋಠಿಯಲ್ಲಂತೂ ಒಂದೊಂದು ಅಂಗಡಿಯ ನೆತ್ತಿಯನ್ನೂ ಪರೀಕ್ಷಿಸುತ್ತ ನಡೆದೆ. ಕಲ್ಲಿನ ಹಾಸು, ಸಾಗುವಾನಿಯ ತೊಲೆ, ಕಬ್ಬಿಣ, ಕಾಂಕ್ರೀಟು. ಅವುಗಳ ಕೆಳಗೆ ಜನ ನಿರಾತಂಕವಾಗಿ ಚೌಕಾಸಿ ಮಾಡುತ್ತಿದ್ದರು. ಔಷಧದ ಅಂಗಡಿಯೊಂದರ ಮುಂದೆ ಹೆಚ್ಚು ಹೊತ್ತು ನಿಂತಿರಬೇಕು. ಏನು ಬೇಕೆಂಬಂತೆ ಅಂಗಡಿಯವನು "ಕ್ಯಾ ಹೋನಾ ಸಾಬ್?" ಎಂದ. ನಾನು ಗಲಿಬಿಲಿಗೊಂಡು "ಲಿಂಟಲ್" ಎಂದುಬಿಟ್ಟೆ. ಅವನು ಕಪಾಟಿನತ್ತ ತಿರುಗಿ, "ಗೋಲಿ ಯಾ ಸಿರಪ್?" ಎಂದು ವಿಚಾರಿಸಿದ.

ಇಷ್ಟೊಂದು ಕಳವಳಕ್ಕೆ ಕಾರಣವಿತ್ತು. ನಮ್ಮ ವಂಶದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಆದಕಾರಣ ಗಂಡು ನೋಡುವುದರಿಂದ ಹಿಡಿದು ಗುಳಿಗೆ ನುಂಗುವುದರವರೆಗೆ ಕಡೆಯ ತೀರ್ಪು ನನ್ನದೇ.

"ತಮ್ಮಾ, ನೀ ಓದಿದಾಂವ. ನೀನ ಹೇಳು, ಯಾವದು ಹಾಕ್ಸೂಣು?" ಎಂದಳು ಅವ್ವ.

"ಅವ್ವಾ, ನಾ ಓದಿದ್ದು ಕಾಮರ್ಸ್."

"ಯಾವದರ ಇರಲಿ. ಓದಿದ್ದು ಓದಿದ್ದ."

ನಾನು ಕಾಂಕ್ರೀಟನ್ನು ಆರಿಸಿದೆ. ಬಾಳಿಕೆಯ ದೃಷ್ಟಿಯಿಂದ ಎಂದು ಮನೆಯವರಿಗೆ ಗಂಭೀರವಾಗಿ ನಿವೇದಿಸಿದೆ. ನಿಜವಾದ ಕಾರಣವೆಂದರೆ, ಕಾಂಕ್ರೀಟಿಗೆ ವಾರಗಟ್ಟಲೆ ಆಸರೆ ಇರುತ್ತದೆ; ಅಷ್ಟು ದಿನಗಳ ಮಟ್ಟಿಗಾದರೂ ನೆಮ್ಮದಿ. ಬೀಮು, ಅದರ ಮೇಲಿನ ಸ್ಲ್ಯಾಬು ಎರಡೂ ಸಿದ್ಧವಾದವು. ನಾನು ದಿನವೂ ಹೋಗಿ ಅದರ ಕೆಳಗಿನಿಂದ, ಪಕ್ಕದಿಂದ, ಎದುರು ಮನೆಯ ಕಟ್ಟೆಯಿಂದ ನೋಡುತ್ತಿದ್ದೆ. ಯಾದಗಿರಿ ಕಡೆಯ ಮೇಸ್ತ್ರಿ ಮಲ್ಲಪ್ಪನಿಗೆ ಕಡೆಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಭಾಳ ನೋಡಬ್ಯಾಡ್ರಿ. ಬೀಮಿಗೆ ದೃಷ್ಟಿ ತಾಕತೈತಿ."

ಆಸರೆ ತೆಗೆಯುವ ದಿನ ಬಂತು. ಮಲ್ಲಪ್ಪನ ಕಡೆಯವರ ರೂಢಿಯಂತೆ ಮೊದಲ ಕಂಬಕ್ಕೆ ತೆಂಗಿನಕಾಯಿ ನಿವಾಳಿಸಿ, ಸುತ್ತಿಗೆಯ ಮೊದಲ ಏಟನ್ನು ಮನೆಯ ಯಜಮಾನನೇ ಹಾಕಬೇಕು. ಮೊದಲು ತೆಗೆಯಬೇಕಾದದ್ದು ನಟ್ಟನಡುವಿನ ಕಂಬವನ್ನೇ, ಆಮೇಲೆ ಎರಡೂ ತುದಿಗಳ ಕಡೆಗೆ ಸಾಗಬೇಕು ಎಂದು ಸರಿತಾ ಹೇಳಿದರು. ನಾನು ಸುತ್ತಿಗೆ ಹಿಡಿದು ತಿರುಗಿದರೆ, ಅವ್ವ ಪ್ಲಾಸ್ಟಿಕ್ ಕುರ್ಚಿಯನ್ನು ಸರಿಯಾಗಿ ಬೀಮಿನ ಕೆಳಗೇ ಹಾಕಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದಾಳೆ!

"ಯವ್ವಾ, ಅತ್ಲಾಗ ಸರೀರಿ," ಎಂದ ಮಲ್ಲಪ್ಪ.

"ಯಾಕ ಸರೀಬೇಕಪ್ಪಾ? ನನ್ನ ಮಗ ಆರಿಸಿದ್ದೈತಿ."

"ಅವ್ವಾ, ಏಳವ್ವಾ," ಎಂದೆ ನಾನು.

ಅವ್ವ ನನ್ನ ಮುಖವನ್ನೇ ನೋಡಿದಳು. "ಬೀಳತೈತೇನು?"

"ಇಲ್ಲ."

"ಬೀಳೂದಿಲ್ಲಂದ್ರ ಯಾಕ ಏಳ್ಬೇಕು?"

ಬೀಳಬಹುದೆಂದರೆ ಇಪ್ಪತ್ತು ವರ್ಷಗಳಿಂದ ಅವಳು ಓಣಿಯಲ್ಲಿ ಹೊಗಳಿಕೊಂಡು ಬಂದ ಓದಿದ ಮಗನೇ ಬಿದ್ದಂತೆ. ಬೀಳದೆಂದರೆ ಅವಳು ಏಳುವುದಿಲ್ಲ. ಯಾರೂ ಕೆಳಗಿರಬಾರದೆಂಬ ನಿಯಮವಿದೆಯೆಂದು ಸರಿತಾ ಹೇಳಿದರು. ಅದು ಓದದವರಿಗೆ ಮಾಡಿದ ನಿಯಮವೆಂದು ಹೇಳಿ ಅವ್ವ ಎಲೆ ಮಡಚಿದಳು. ಅಷ್ಟರಲ್ಲಿ ಶಾಂತಾ ಬಂದಳು.

"ಅತ್ತೀ, ಮ್ಯಾಲಿಂದ ಸಿಮೆಂಟಿನ ಧೂಳ ಉದರತೈತಿ. ನೀವು ಉಟ್ಟಿದ್ದು ಹೊಸಾ ಇಲಕಲ್ಲ ಸೀರಿ."

ಅವ್ವ ಕುರ್ಚಿಸಮೇತ ಎದ್ದು ಬೀದಿಗೆ ಬಂದಳು.

ನಾನು ಕಣ್ಣು ಮುಚ್ಚಿ ಹೊಡೆದೆ. ಮಿಕ್ಕದ್ದನ್ನು ಮಲ್ಲಪ್ಪನ ಕಡೆಯವರು ಮುಗಿಸಿದರು. ಒಂದೊಂದೇ ಕಂಬ ಬಿದ್ದು ಸದ್ದು ಅಡಗಿದಾಗ ಕಣ್ಣು ತೆರೆದೆ. ಎದುರಿಗೆ ಹದಿನಾರು ಅಡಿ ಬರೀ ಗಾಳಿ. ಅದರ ಮೇಲೆ ಅಷ್ಟು ಕಲ್ಲು, ಮರಳು, ಸಿಮೆಂಟು, ಕಬ್ಬಿಣ, ಯಾವ ಗದ್ದಲವೂ ಇಲ್ಲದೆ ಅಡ್ಡ ಮಲಗಿತ್ತು. ಸರಿತಾ ಈ ತುದಿಯಿಂದ ಆ ತುದಿಗೆ ದಾರ ಬಿಗಿದು ಬಾಗು ಅಳೆದು, ಸರಿಯಿದೆಯೆಂದು ತಲೆಯಾಡಿಸಿದರು. ಏನೂ ಆಗಲಿಲ್ಲ. ಏನೂ ಆಗದಿರುವುದು ಇಷ್ಟು ಭವ್ಯವಾಗಿರಬಲ್ಲದೆಂದು ನನಗೆ ತಿಳಿದಿರಲಿಲ್ಲ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಸಿಮೆಂಟಿನ ಧೂಳು ಎಂದೆ.

ಈಗ ನಾವು ಆ ಮನೆಯಲ್ಲಿಯೇ ಇದ್ದೇವೆ. ಶಾಂತಾ ನಡುಗಂಬದ ಹಂಗಿಲ್ಲದೆ ಕಾರನ್ನು ಒಂದೇ ಸಲಕ್ಕೆ ಹಿಂದಕ್ಕೆ ತಂದು ನಿಲ್ಲಿಸುತ್ತಾಳೆ. ಅವ್ವ ಬೀಮಿನ ಮೇಲಿನ ಕೋಣೆಯಲ್ಲಿ ಗಡದ್ದಾಗಿ ನಿದ್ದೆ ಮಾಡಿ, ಸಂಜೆ ಕಿಟಕಿಯಿಂದ ಹೋಗುವವರನ್ನು ಕರೆದು, ಕೆಳಗಿನ ಬಾಗಿಲನ್ನು ತೋರಿಸುತ್ತಾಳೆ. ನಾನು ಮಾತ್ರ ಬೀಮಿನ ಕೆಳಗೆ ಹಾಯದೆ, ಸ್ಕೂಟರನ್ನು ಪಕ್ಕದ ಸಣ್ಣ ಗೇಟಿನಿಂದಲೇ ಒಳಗೆ ತರುತ್ತೇನೆ. ಅವ್ವನಿಗೆ ನನ್ನ ಪದವಿಯ ಮೇಲೆ ಅಚಲವಾದ ವಿಶ್ವಾಸವಿದೆ. ಆದರೆ ಅಂಕಪಟ್ಟಿಯನ್ನು ನೋಡಿದವನು ಮನೆಯಲ್ಲಿ ನಾನೊಬ್ಬನೇ.