ಬೀದಿಯ ವೋಲ್ಟೇಜ್ ಇಳಿಸಿದ ಮಾವ

ಮಂಗಳೂರಿನ ಕುಲಶೇಖರದಲ್ಲಿ ಹದಿನೆಂಟು ಮನೆಗಳ ಫ್ಯಾನುಗಳನ್ನು ಒಂದೇ ಏಟಿಗೆ ನಿಧಾನ ಮಾಡುವ ವಿದ್ಯೆ ನನ್ನ ಸೋದರಮಾವನಿಗೆ ಗೊತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಮಂತ್ರವಾದಿಯೇ ಎಂದು ಕೇಳುತ್ತೀರಿ. ಛೆ, ಅಷ್ಟೆಲ್ಲ ಇಲ್ಲ! ಗೋಡಂಬಿ ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ಆಳನ್ನು ಕರೆಸುತ್ತಿದ್ದವರು. ಅಂಥವರು ಅರವತ್ತು ದಾಟಿದ ಮೇಲೆ ಒಂದು ವೆಲ್ಡಿಂಗ್ ಮೆಷಿನ್ ಕೊಂಡರು.

ಕಾರಣ, ಕಾರು. ಅತ್ತೆ ತೀರಿಕೊಂಡ ಮೇಲೆ ಅದು ಎರಡು ಮಳೆಗಾಲ ಶೆಡ್ಡಿನಿಂದ ಹೊರಗೆ ಬಂದಿರಲಿಲ್ಲ. ಮಂಗಳೂರಿನ ಉಪ್ಪುಗಾಳಿಗೆ ಕಬ್ಬಿಣವೆಂದರೆ ಎಷ್ಟು ಪ್ರೀತಿಯೆಂದು ಕೇಳಬೇಕೆ? ಒಂದು ದಿನ ಮಾವ ಬಾಗಿಲು ತೆಗೆದು ನೋಡಿದರೆ ಎಡಗಡೆಯ ಸೀಟಿನ ಮುಂದೆ, ಅತ್ತೆ ಕಾಲಿಡುತ್ತಿದ್ದ ಜಾಗದಲ್ಲಿ, ಅಂಗೈಯಗಲದ ತೂತು. ಕೆಳಗೆ ಮಲಗಿದ್ದ ಬೆಕ್ಕು ಅದರಲ್ಲಿ ತಲೆ ತೂರಿಸಿ, ನಿಮಗೆ ಇಲ್ಲಿ ಎಂತ ಕೆಲಸ ಎನ್ನುವಂತೆ ಅವರನ್ನೇ ನೋಡಿತಂತೆ.

ಬೆಕ್ಕಾದರೂ ನೋಡಿತಲ್ಲ, ಅದು ದೊಡ್ಡದು. ಮಾವನಿಗೆ ಮಕ್ಕಳಿಲ್ಲ. ಅತ್ತೆಯ ಹದಿಮೂರನೆಯ ದಿನದ ಊಟ ಉಂಡು ಕೈತೊಳೆದು ಹೋದ ನೆಂಟರು ಮತ್ತೆ ಆ ಗೇಟು ತೆರೆಯಲಿಲ್ಲ. ಬೀದಿಯವರೆಲ್ಲ ಅತ್ತೆಯ ಸ್ನೇಹಿತರು. ಮಾವನಿಗೆ ಅವರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಪೇಟೆಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ನಾನು ಮಾತ್ರ ಭಾನುವಾರ ಹೋಗುತ್ತಿದ್ದೆ.

“ಈ ವಾರ ಯಾರಾದ್ರೂ ಬಂದಿದ್ರಾ ಮಾವ?” ಎಂದು ಕೇಳಿದರೆ, “ಪೋಸ್ಟ್‌ಮ್ಯಾನ್ ಬಂದಿದ್ದ,” ಎನ್ನುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಪಕ್ಕದ ಮನೆಯ ಕಾಗದ. ತಪ್ಪಿ ಇಲ್ಲಿ ಹಾಕಿದ್ದ,” ಎಂದು ಸೇರಿಸುತ್ತಿದ್ದರು.

ಗ್ಯಾರೇಜಿಗೆ ಕೊಟ್ಟರೆ ಅರ್ಧ ದಿನದ ಕೆಲಸ ಎಂದೆ. ಮಾವ ಕೇಳಬೇಕಲ್ಲ! ನಾನೇ ಬೆಸುಗೆ ಹಾಕುತ್ತೇನೆ ಎಂದು ಹಟ ಹಿಡಿದು ನನ್ನನ್ನು ಬೈಕಂಪಾಡಿಗೆ ಎಳೆದುಕೊಂಡು ಹೋದರು. ಅಲ್ಲಿ ಗೇಟು, ಗ್ರಿಲ್ಲು ಮಾಡುವ ಒಬ್ಬರು ತಮ್ಮ ಹಳೇ ಮೆಷಿನ್ ಮಾರುವವರಿದ್ದರು. ಒಳಗೆ ಎಣ್ಣೆ ತುಂಬಿಸಿಕೊಂಡು, ಕೆಳಗೆ ನಾಲ್ಕು ಚಕ್ರ ಇಟ್ಟುಕೊಂಡು, ಅಕ್ಕಿಯ ಡಬ್ಬಕ್ಕಿಂತ ದಪ್ಪವಾಗಿ ಕೂತಿತ್ತು ಅದು. ಮಾರುವವರೇ ಬೇಡವೆಂದರು.

“ಸಾರ್, ಇದು ಗೇಟಿನ ಕೆಲಸಕ್ಕೆ. ನಿಮ್ಮ ಕಾರಿನ ತಗಡು ಹಪ್ಪಳದ ಹಾಗೆ. ಅದಕ್ಕೆ ಗ್ಯಾಸ್ ವೆಲ್ಡಿಂಗ್ ಆಗ್ಬೇಕು. ಇಲ್ಲದಿದ್ರೆ ಸಣ್ಣ ಮೆಷಿನ್, ಸಪೂರದ ರಾಡ್.”

“ದೊಡ್ಡದು ಸಣ್ಣ ಕೆಲಸ ಮಾಡ್ತದೆ. ಸಣ್ಣದು ದೊಡ್ಡ ಕೆಲಸ ಮಾಡ್ತದಾ?” ಎಂದರು ಮಾವ.

“ದೊಡ್ಡದು ಸಣ್ಣ ಕೆಲಸ ಮಾಡ್ತದೆ ಸಾರ್, ಆದ್ರೆ ತೂತು ಮಾಡ್ತದೆ.”

ಪ್ರಪಂಚದಲ್ಲಿ ಗಿರಾಕಿಗೆ ಇಷ್ಟು ಪ್ರಾಮಾಣಿಕವಾಗಿ ಬುದ್ಧಿ ಹೇಳಿದ ಇನ್ನೊಬ್ಬ ವ್ಯಾಪಾರಿಯನ್ನು ನಾನು ಕಂಡಿಲ್ಲ. ಮಾವ ಮೆಷಿನ್ ಕೊಂಡರು. ಜೊತೆಗೆ ಕೈಯಲ್ಲಿ ಹಿಡಿಯುವ, ಕಪ್ಪು ಗಾಜಿನ ಒಂದು ಮುಖವಾಡ, ಒಂದು ಕಟ್ಟು ವೆಲ್ಡಿಂಗ್ ರಾಡು.

ಮೊದಲ ದಿನವೇ ಮುಖವಾಡವನ್ನು ಕೆಳಗಿಟ್ಟು, “ಒಂದು ಸಲ ಎಲ್ಲಿ ತಾಗ್ತದೆ ನೋಡ್ತೇನೆ,” ಎಂದು ಬರಿಗಣ್ಣಿನಲ್ಲಿ ರಾಡು ತಾಗಿಸಿದರು. ಮರುದಿನ ಕಣ್ಣು ಬಾತು, ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಮಲಗಿದ್ದರು. ಎರಡನೆಯ ವಾರ ರಾಡುಗಳಿಗೆ ಮಳೆಗಾಲದ ತೇವ ಹಿಡಿಯಿತು, ಕಿಡಿಯೇ ನಿಲ್ಲದು. ಅತ್ತೆ ಒಲೆಯ ಮೇಲೆ ಒಣಮೀನು ಇಡುತ್ತಿದ್ದ ಹಲಗೆಯಲ್ಲಿ ಅವನ್ನು ಒಣಗಿಸಲಿಟ್ಟರು. ಆಮೇಲೆ ಮಾವ ವೆಲ್ಡಿಂಗ್‌ಗೆ ಕೂತರೆ ಬಂಗುಡೆ ಮೀನು ಸುಟ್ಟ ವಾಸನೆ ಬರುತ್ತಿತ್ತು, ಬೆಕ್ಕು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕೆಲಸ ಮಾತ್ರ ಆ ವ್ಯಾಪಾರಿ ಹೇಳಿದಂತೆಯೇ ಸಾಗಿತ್ತು. ಅಂಗೈಯಗಲದ ತೂತು ತಟ್ಟೆಯಗಲವಾಯಿತು, ತಟ್ಟೆ ಹರಿವಾಣವಾಯಿತು. ಇಷ್ಟು ಕಷ್ಟಪಟ್ಟು ತೂತನ್ನು ಸಾಕಿ ಬೆಳೆಸಿದವರು ಮಂಗಳೂರಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಆದರೆ ಬೀದಿಗೆ ಕಂಡದ್ದು ತೂತಲ್ಲ, ವೋಲ್ಟೇಜು. ಮೊದಲೇ ಅಲ್ಲಿ ಕರೆಂಟು ಕುಂಟುತ್ತಿತ್ತು. ಮಾವ ರಾಡು ತಾಗಿಸಿದರೆ ಸಾಕು, ಫ್ಯಾನುಗಳು ನಿದ್ದೆಗೆ ಜಾರುತ್ತಿದ್ದವು. ಮೂರನೆಯ ಮನೆಯ ಮಾಸ್ಟ್ರ ಮನೆಗೆ ಹೊಸದಾಗಿ ಟೀವಿ ಬಂದಿತ್ತು. ಭಾನುವಾರ ಸಂಜೆ ಸಿನಿಮಾದ ನಡುವೆ ಚಿತ್ರ ಎರಡೂ ಕಡೆಯಿಂದ ಕುಗ್ಗಿ, ನಾಯಕಿ ಅಗರಬತ್ತಿಯಷ್ಟು ಸಪೂರವಾಗಿಬಿಟ್ಟಳಂತೆ. ಮಾಸ್ಟ್ರು ಲುಂಗಿ ಎತ್ತಿ ಕಟ್ಟಿ ಗೇಟಿಗೆ ಬಂದು ಕೂಗಿದರು:

“ಎಂತ ಮಾರಾಯ್ರೆ ಇದು? ಬೀದಿಯಲ್ಲಿ ಮನುಷ್ಯರು ಬದುಕುವುದು ಬೇಡವಾ?”

ಮಾವ ಮುಖವಾಡ ಇಳಿಸಿ ಎದ್ದರು. ಜಗಳಕ್ಕೆ ಜಗಳ ಎಂದುಕೊಂಡು ನಾನು ಸಿದ್ಧನಾದೆ. ಮಾವ ಒಳಗೆ ಹೋದವರು ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದು ಜಗಲಿಯಲ್ಲಿಟ್ಟರು!

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು, ಮಾತು ಆಮೇಲೆ. ಬೇಡವೆನ್ನುವ ಹಾಗಿಲ್ಲ. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಬೈಯುವುದಾದರೂ ಹೇಗೆ, ನೀವೇ ಹೇಳಿ! ಮಾಸ್ಟ್ರು ಬೆಲ್ಲ ಕಡಿದರು, ನೀರು ಕುಡಿದರು, “ಯಾವ ರಾಡ್ ಹಾಕಿದ್ದು?” ಎಂದರು. ಅರ್ಧ ಗಂಟೆಯಲ್ಲಿ ಕಾರಿನ ಕೆಳಗೆ ಟಾರ್ಚು ಹಿಡಿದು ಮಲಗಿದ್ದರು. ಮುಂದಿನ ವಾರ ಎದುರುಮನೆಯ ಬಾಯಮ್ಮ ಹಿಟ್ಟಿನ ಕೈಯಲ್ಲೇ ಬಂದರು. ಸನ್ನ ಎಂಬ ಇಡ್ಲಿಗೆ ಅಕ್ಕಿ ರುಬ್ಬುತ್ತಿದ್ದ ಗ್ರೈಂಡರ್ ನಡುವೆಯೇ ನಿಂತಿತ್ತು. ಅವರಿಗೂ ಬೆಲ್ಲ ನೀರು. ಅವರು ಬಂದದ್ದು ಒಳ್ಳೆಯದೇ ಆಯಿತು. ಸೀಟಿನೊಳಗಿನ ತೆಂಗಿನನಾರಿಗೆ ಕಿಡಿ ಹತ್ತಿ ಹೊಗೆಯೇಳುವುದನ್ನು ಮೊದಲು ಕಂಡವರು ಅವರೇ. ಕುಡಿಯಬೇಕಾದ ಚೊಂಬಿನ ನೀರನ್ನು ಸೀಟಿಗೆ ಸುರಿದು, “ನಿಮ್ಮ ಹೆಂಡತಿ ಇದ್ದಿದ್ರೆ ನಿಮ್ಮ ತಲೆಗೇ ಸುರಿತಿದ್ಲು,” ಎಂದರು. ಅತ್ತೆ ಹೋದ ಮೇಲೆ ಮಾವ ಗಟ್ಟಿಯಾಗಿ ನಕ್ಕದ್ದನ್ನು ನಾನು ಅಂದೇ ಕೇಳಿದ್ದು.

ನನಗೂ ಒಂದು ತುಂಡು ಬೆಲ್ಲ ಬೇಕೆಂದರೆ, “ಮನೆಯವನಿಗೆ ಎಂತ ಬೆಲ್ಲ ನೀರು? ಟಾರ್ಚ್ ಹಿಡಿ,” ಎನ್ನುತ್ತಿದ್ದರು.

ಕ್ರಮೇಣ ನನಗೆ ಒಂದು ಗುಮಾನಿ ಬಂತು. ಮಾವ ಇಡೀ ಭಾನುವಾರ ಸುಮ್ಮನೆ ಕೂತು, ಸಿನಿಮಾ ಶುರುವಾಗುವ ಹೊತ್ತಿಗೇ ಮೆಷಿನಿನ ಸ್ವಿಚ್ ಹಾಕುತ್ತಿದ್ದರು. ಬೆಲ್ಲದ ತಟ್ಟೆ ಮೊದಲೇ ಜಗಲಿಗೆ ಬಂದಿರುತ್ತಿತ್ತು. ಬೈಸಿಕೊಳ್ಳುವುದಕ್ಕೆ ಇಷ್ಟು ತಯಾರಿ ಮಾಡಿಕೊಳ್ಳುವ ಮನುಷ್ಯನನ್ನು ಎಲ್ಲಾದರೂ ಕಂಡಿದ್ದೀರಾ?

ಕೊನೆಗೆ ಬೀದಿಯವರು ಹೊಸ ಟ್ರಾನ್ಸ್‌ಫಾರ್ಮರಿಗೆ ಅರ್ಜಿ ಹಾಕುವುದೆಂದಾಯಿತು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವರು ಯಾರು? ಮಾವನೇ! ಜಗಲಿಯಲ್ಲಿ ನಾಲ್ಕು ಮೀಟಿಂಗು ಆಯಿತು. ಒಬ್ಬೊಬ್ಬರು ಒಂದೊಂದು ಸಾಲು ತಿದ್ದಿಸಿದರು, ಮಾವ ಪ್ರತಿ ಸಲವೂ ಹೊಸದಾಗಿ ಬರೆದರು. ನಾಲ್ಕು ಅಚ್ಚು ಬೆಲ್ಲ ಮುಗಿಯಿತು. ವೋಲ್ಟೇಜ್ ಇಳಿಸುವವರ ವಿರುದ್ಧದ ಅರ್ಜಿಗೆ ಮೊದಲ ಸಹಿ, ವೋಲ್ಟೇಜ್ ಇಳಿಸುವವರದ್ದೇ. ಬಾಯಿಯಿಂದ ಬಾಯಿಗೆ ಹರಡಿ ಈ ತಮಾಷೆ ಪಕ್ಕದ ಶಕ್ತಿನಗರದವರೆಗೂ ಹೋಯಿತು.

ಅಷ್ಟರಲ್ಲಿ ನನಗೆ ರಾಯಚೂರಿಗೆ ವರ್ಗವಾಯಿತು. ಹೋಗುವಾಗ ತಿಂಗಳಿಗೊಮ್ಮೆ ಬರುತ್ತೇನೆ ಎಂದಿದ್ದೆ. ಬಂದದ್ದು ಏಳು ತಿಂಗಳಿಗೆ. ಕಾಗದ ಬರೆದಿದ್ದೆನೇ? ಒಂದು. ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಾಗುತ್ತದೆ.

ಗೇಟು ತೆರೆದಾಗ ಮಾವ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ತಟ್ಟೆ, ಚೊಂಬು. ನನ್ನ ಮುಂದಿಟ್ಟು, “ಕುಡಿ. ದೂರದಿಂದ ಬಂದದ್ದಲ್ವಾ,” ಎಂದರು.

ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆ ಬೆಲ್ಲವನ್ನು ಹೇಗೆ ನುಂಗಿದೆನೋ ನನಗೇ ಗೊತ್ತಿಲ್ಲ.

“ಮಾಸ್ಟ್ರು ಬರ್ತಾರಾ ಮಾವ?”

“ಯಾಕೆ ಬರ್ಬೇಕು? ಹೊಸ ಟ್ರಾನ್ಸ್‌ಫಾರ್ಮರ್ ಬಂತಲ್ಲ. ಭಾರೀ ಒಳ್ಳೆದುಂಟು. ಎಂತ ಮಾಡಿದ್ರೂ ಯಾರಿಗೂ ಗೊತ್ತಾಗುವುದಿಲ್ಲ.”

ಆಮೇಲೆ ಶೆಡ್ಡಿಗೆ ಕರೆದುಕೊಂಡು ಹೋಗಿ ಕಾರು ತೋರಿಸಿದರು. ಎಡಗಡೆಯ ತೂತು ಪೂರ್ತಿ ಮುಚ್ಚಿತ್ತು. ಸಪೂರದ ರಾಡು ತರಿಸಿ, ಚುಕ್ಕೆ ಚುಕ್ಕೆಯಾಗಿ ಬೆಸುಗೆ ಹಾಕಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಕೂತು ನೋಡು ಎಂದರು. ಕೂತೆ. ಕಾಲ ಕೆಳಗೆ ನೆಲ ಗಟ್ಟಿಯಾಗಿತ್ತು. ಆ ಸೀಟಿನಲ್ಲಿ ಕೂರುವವರು ಮಾತ್ರ ಇರಲಿಲ್ಲ.

ಸಂಜೆ, ಸಿನಿಮಾ ಶುರುವಾಗುವ ಹೊತ್ತಿಗೆ, ಮಾವ ಎದ್ದು ಹೋಗಿ ಸ್ವಿಚ್ ಹಾಕಿದರು. ಮೂಲೆಯಲ್ಲಿ ಬಿದ್ದಿದ್ದ, ಯಾತಕ್ಕೂ ಬಾರದ ಎರಡು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿಟ್ಟು ನನಗೆ ಹೇಳಿದರು: “ಒಳಗೆ ಹೋಗಿ ಸ್ವಲ್ಪ ಫ್ಯಾನ್ ನೋಡು ಮಾರಾಯ. ನಿಧಾನ ಆಗ್ತದಾ ಹೇಳು.”

ಒಳಗೆ ಹೋಗಿ ನಿಂತೆ. ಹೊರಗೆ ಚರ್ ಎಂದಿತು. ಫ್ಯಾನು ತನ್ನ ಪಾಡಿಗೆ ಜೋರಾಗಿ ತಿರುಗುತ್ತಲೇ ಇತ್ತು. ಕಿಟಕಿಯಿಂದ ನೋಡಿದರೆ ಮಾವ ಮುಖವಾಡ ಇಳಿಸಿ ಗೇಟಿನ ಕಡೆಗೇ ನೋಡುತ್ತಿದ್ದರು. ಜಗಲಿಯಲ್ಲಿ ತಟ್ಟೆ ಇತ್ತು, ಬೆಲ್ಲಕ್ಕೆ ಇರುವೆ ಬಾರದಂತೆ ಬಟ್ಟಲು ಮುಚ್ಚಿದ್ದರು.

“ಆಯ್ತಾ?” ಎಂದು ಕೂಗಿದರು.

“ಆಯ್ತು ಮಾವ! ನಿಂತೇ ಹೋಯ್ತು!” ಎಂದು ಸುಳ್ಳು ಹೇಳಿದೆ. ಹೇಳಿ, ಹಿಂಬಾಗಿಲಿನಿಂದ ಇಳಿದು, ಬಾವಿ ಬಳಸಿ, ಬೀದಿ ಸುತ್ತಿ ಗೇಟಿಗೆ ಬಂದೆ. ಲುಂಗಿ ಎತ್ತಿ ಕಟ್ಟಿದೆ. ಗೇಟು ಬಡಿದು ಕೂಗಿದೆ:

“ಎಂತ ಮಾರಾಯ್ರೆ ಇದು? ಬೀದಿಯಲ್ಲಿ ಮನುಷ್ಯರು ಬದುಕುವುದು ಬೇಡವಾ?”

ಮಾವ ಗಡಿಬಿಡಿಯಿಂದ ಎದ್ದು ತಟ್ಟೆಗೆ ಕೈ ಹಾಕಿದರು. ಆಮೇಲೆ ಯಾರೆಂದು ಕಂಡಿತು. ನಗಲು ಹೊರಟು, ನಗು ಅರ್ಧಕ್ಕೆ ನಿಂತು, ಮುಖವಾಡವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ರಾಡು ಕೆಳಗೆ ಬಿದ್ದಿತ್ತು. ಕಿಡಿಯಿಲ್ಲದೆ ಕಪ್ಪು ಗಾಜಿನ ಹಿಂದೆ ಅಷ್ಟು ಹೊತ್ತು ಏನು ನೋಡಿದರೋ!

“ಬೆಲ್ಲ ನೀರು ಎಲ್ಲಿ?” ಎಂದೆ.

“ಮನೆಯವನಿಗೆ ಎಂತ ಬೆಲ್ಲ ನೀರು?” ಎಂದರು ಮುಖವಾಡದ ಒಳಗಿನಿಂದ. “ಬಾ, ಟಾರ್ಚ್ ಹಿಡಿ.”